ವಲಯ 5ರ ನೋಡುಗರು
1976ರಲ್ಲಿ ಆಕಾಶವಾಣಿ ಮಂಗಳೂರು ಶುರುವಾದ ಮೇಲೆ ಅದರ ಕನ್ನಡ, ತುಳು ಕಾರ್ಯಕ್ರಮಗಳು ತಲಪಾಡಿಯ ಗಡಿ ದಾಟಿ ಕೇರಳದ ಮಂಜೇಶ್ವರ, ಕುಂಬಳೆಯ ಮನೆಗಳಿಗೂ ಕೇಳುತ್ತಿದ್ದವು. ನೀವು ಯಾವ ರಾಜ್ಯದವರೆಂದು ರೇಡಿಯೋ ವಿಚಾರಿಸುತ್ತಿರಲಿಲ್ಲ.

ನೋಡುಗರನ್ನು ದೇಶ ನೋಡಿ ತಡೆಯುವ ಬೇಲಿಯನ್ನು ನಾನು ಮೊದಲು ಕಂಡದ್ದು ಡಿವಿಡಿಯಲ್ಲಿ. ಬಹರೈನಿನಲ್ಲಿದ್ದ ಭಾವ ರಜೆಗೆ ಮಂಗಳೂರಿನ ಮಣ್ಣಗುಡ್ಡಕ್ಕೆ ಬಂದಾಗ ತಂದ ಡಬ್ಬಿಯ ಹಿಂಬದಿಯಲ್ಲಿ ಪುಟ್ಟ ಭೂಗೋಳದ ಗುರುತು, ಅದರೊಳಗೆ 2 ಎಂಬ ಅಂಕಿ. ಗಲ್ಫ್, ಯುರೋಪ್, ಜಪಾನ್ ಎಲ್ಲ 2ನೇ ವಲಯ; ನಾವು 5. ಒಂದು ವಲಯದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡದು. ಕಂಪ್ಯೂಟರಿನ ಡ್ರೈವ್ ವಲಯ ಬದಲಿಸಲು ಐದೇ ಸಲ ಬಿಡುತ್ತಿತ್ತು, ಆಮೇಲೆ ಕೊನೆಗೆ ಆರಿಸಿದ್ದೇ ಗಟ್ಟಿ. ಮದ್ದು ಹಂಪನಕಟ್ಟೆಯಲ್ಲೇ ಸಿಗುತ್ತಿತ್ತು: ಯಾವ ವಲಯಕ್ಕೂ ಕ್ಯಾರೇ ಅನ್ನದ ಅಗ್ಗದ ಚೀನಾ ಪ್ಲೇಯರ್.

ಈಗಿನ ಬೇಲಿ ಐಪಿ ವಿಳಾಸದ್ದು. ಯಾವ ಸಂಖ್ಯೆಗಳು ಯಾವ ದೇಶದ ಕಂಪನಿಯ ಕೈಯಲ್ಲಿವೆ ಎಂಬ ಪಟ್ಟಿ ನೋಡಿ ಸ್ಟ್ರೀಮಿಂಗ್ ವೇದಿಕೆಗಳು ಬಾಗಿಲು ತೆಗೆಯುತ್ತವೆ. ದೇಶ ಸಾಮಾನ್ಯವಾಗಿ ಸರಿ ಇರುತ್ತದೆ, ಊರು ಬರೀ ಅಂದಾಜು. ಲೇಡಿಹಿಲ್‌ನಲ್ಲಿ ನಿಂತ ನನ್ನ ಫೋನ್ ಒಮ್ಮೊಮ್ಮೆ ಬೆಂಗಳೂರಿನದೆಂದು, ಇನ್ನೊಮ್ಮೆ ಚೆನ್ನೈಯದೆಂದು ತೋರಿಸುತ್ತದೆ. ಮೊಬೈಲ್ ಕಂಪನಿ ಸಾವಿರಾರು ಜನರನ್ನು ದೊಡ್ಡ ನಗರದ ಒಂದೇ ವಿಳಾಸದ ಮೂಲಕ ಹೊರಗೆ ಕಳಿಸುತ್ತದಲ್ಲ! ಅದರಿಂದ ಆಗುವ ನಷ್ಟವೇನೂ ಇಲ್ಲ, ಸೀರೆಯ ಜಾಹೀರಾತು ತಮಿಳಿನಲ್ಲಿ ಬರುತ್ತದೆ ಅಷ್ಟೆ. ದೇಶ ಬದಲಾದರೆ ಮಾತ್ರ ಕಥೆ ಬೇರೆ.

ಆ ಭಾವನ ಮಗಳು ಈಗ ದುಬೈಯಲ್ಲಿದ್ದಾಳೆ. ಇಂಥದೊಂದು ವೇದಿಕೆಗೆ ವರ್ಷದ ಚಂದಾ ಇಲ್ಲೇ ಕಟ್ಟಿ ಹೋಗಿದ್ದಳು. ಅಲ್ಲಿ ತೆರೆದರೆ ಕನ್ನಡ ಸಿನಿಮಾದ ಜಾಗದಲ್ಲಿ 'ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಎಂಬ ಒಂದು ಸಾಲು. ಪ್ರಸಾರದ ಹಕ್ಕು ದೇಶವಾರು ಮಾರಾಟವಾಗುತ್ತದೆ. ಒಪ್ಪಂದದಲ್ಲಿ ಆ ದೇಶವಿಲ್ಲದಿದ್ದರೆ ದುಡ್ಡು ಕೊಟ್ಟವರಿಗೂ ಬಾಗಿಲು ಬಂದ್. ಬೇರೆ ದೇಶದ ವಿಳಾಸ ತೋರಿಸುವ ವಿಪಿಎನ್ ಹಾಕು ಎಂದು ಇಲ್ಲಿ ಕೂತು ಹೇಳುವುದು ಸುಲಭ. ಅಲ್ಲಿ ವಿಪಿಎನ್ ಮರೆಯಲ್ಲಿ ಅಪರಾಧವೆಸಗಿದರೆ ದಂಡ 5 ಲಕ್ಷದಿಂದ 20 ಲಕ್ಷ ದಿರ್ಹಂ. ಸಿನಿಮಾ ನೋಡುವುದು ಆ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ನೋಡಲು ಅವಳಿಗೇನು ಹುಚ್ಚೇ? ಇತ್ತ 2022ರಲ್ಲಿ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್, ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಿ ಎಂದಾಗ ದೊಡ್ಡ ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ಸರ್ವರುಗಳನ್ನೇ ಎತ್ತಿಕೊಂಡು ಹೋದವು.

ಕಳ್ಳಪ್ರತಿಗೆ ಮಾತ್ರ ಈ ತಾಪತ್ರಯ ಯಾವುದೂ ಇಲ್ಲ.

ಯುರೋಪಿಯನ್ ಒಕ್ಕೂಟದಲ್ಲಿ 2018ರ ಏಪ್ರಿಲ್‌ನಿಂದ ತನ್ನ ದೇಶದಲ್ಲಿ ಕಟ್ಟಿದ ಚಂದಾ ಒಕ್ಕೂಟದ ಬೇರೆ ದೇಶಕ್ಕೆ ಪ್ರವಾಸ ಹೋದಾಗಲೂ ನಡೆಯುತ್ತದೆ. ಅಂಥ ಕಾನೂನು ನಮಗೂ ಗಲ್ಫಿಗೂ ನಡುವೆ ಸದ್ಯಕ್ಕೆ ಬರಲಾರದು. ಅಲ್ಲಿಯವರೆಗೆ ಕನ್ನಡ, ತುಳು ನಿರ್ಮಾಪಕರಾದರೂ ಹಕ್ಕು ಮಾರುವಾಗ ಒಪ್ಪಂದದಲ್ಲಿ ಗಲ್ಫ್ ದೇಶಗಳ ಹೆಸರು ಸೇರಿದೆಯೇ ಎಂದು ನೋಡಿ ಸಹಿ ಹಾಕಲಿ. ಅಲ್ಲಿ ದುಡ್ಡು ಕೊಟ್ಟು ನೋಡುವವರಿದ್ದಾರೆ.