ಬಸವನಗುಡಿಯ ಮನೆ ಕೊಟ್ಟಿಗೆಯಾದ ಕಥೆ

ಗಾಂಧಿಬಜಾರಿಗೆ ನೀವು ಹಬ್ಬದ ಹೂವು-ಹಣ್ಣಿಗೆಂದು ಬಂದೇ ಇರುತ್ತೀರಿ. ಮುಂದಿನ ಸಲ ಬಂದಾಗ ಚೀಲ ತುಂಬಿದ ಕೂಡಲೇ ಆಟೋ ಹತ್ತಿಬಿಡಬೇಡಿ. ಯಾವುದಾದರೊಂದು ಅಡ್ಡರಸ್ತೆಗೆ ಹೊರಳಿ ಹತ್ತು ನಿಮಿಷ ನಡೆಯಿರಿ. ನಾಲ್ಕು ಅಂತಸ್ತಿನ ಎರಡು ಕಟ್ಟಡಗಳ ನಡುವೆ ಒಂದೊಂದು ಹೆಂಚಿನ ಮನೆ ಇನ್ನೂ ಅವಿತುಕೊಂಡಿರುವುದು ಕಣ್ಣಿಗೆ ಬೀಳುತ್ತದೆ. ಮುಂದೆ ಜಗಲಿ, ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ, ಗೇಟಿನ ಪಕ್ಕ ಪಾರಿಜಾತದ ಗಿಡ. ಆ ಮರದ ಟೋಪಿಗೆ ಬೆಂಗಳೂರಿನವರು ‘ಮಂಕಿ ಟಾಪ್’ ಅನ್ನುತ್ತಾರೆ. ಅಂಥದೇ ಒಂದು ಮನೆಗೆ ನಾನು ಸೊಸೆಯಾಗಿ ಬಂದೆ. ಆ ಮನೆ ಈಗ ಅಲ್ಲಿಲ್ಲ. ಎಲ್ಲಿದೆ ಅಂತ ಹೇಳುವುದಕ್ಕೇ ಈ ಬರಹ.

ನಮ್ಮ ಬಡಾವಣೆಗಳ ಹಿಂದಿನ ಕಥೆ ನಿಮಗೂ ಗೊತ್ತಿರಬಹುದು. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. 1898ರಲ್ಲಿ ಪ್ಲೇಗು ಬಂದು ಹಳೇಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಇರುವ ಮನೆಗಳು ಬೇಕೆಂದು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲ ರಸ್ತೆ, ಮನೆಯ ಸುತ್ತ ಜಾಗ, ಹಿಂದೆ ಜಾಡಮಾಲಿಗಳು ಓಡಾಡಲು ಕನ್ಸರ್ವೆನ್ಸಿ ಗಲ್ಲಿ. ಆ ಹಿತ್ತಿಲಲ್ಲಿ ಹಸು ಕಟ್ಟಿದ ಮನೆಗಳೂ ಇದ್ದವು. ಬಸವಣ್ಣನ ಗುಡಿಯ ಮುಂದೆ ಈಗಲೂ ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದಲ್ಲ, ಅದು ಇಲ್ಲಿ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ಹೊಲಗಳಿದ್ದ ಕಾಲದ ನೆನಪೇ.

ನಮ್ಮ ಮನೆ ಕಟ್ಟಿಸಿದ್ದು ಮಾವನವರ ತಂದೆ, 1938ರಲ್ಲಿ. ಗಾರೆಯ ಗೋಡೆ, ತೇಗದ ತಲೆಬಾಗಿಲು, ಹೊನ್ನೆಯ ತೊಲೆ, ಮಂಗಳೂರು ಹೆಂಚು, ಕೆಂಪು ಗಾರೆಯ ನೆಲ. ಹಿತ್ತಿಲಲ್ಲಿ ಎರಡು ಹಸುವಿನ ಕೊಟ್ಟಿಗೆ. ಅತ್ತೆಯವರು ಮದುವೆಯಾಗಿ ಬಂದಾಗ ಹಾಲು ಕರೆಯುವುದು ಅವರ ಪಾಲಿನ ಕೆಲಸವಂತೆ. ನಾನು ಬರುವ ಹೊತ್ತಿಗೆ ಆ ಕೊಟ್ಟಿಗೆಯಲ್ಲಿ ಸ್ಕೂಟರು ನಿಲ್ಲುತ್ತಿತ್ತು, ಗೊಂತು ಮಾತ್ರ ಹಾಗೇ ಇತ್ತು.

ಮಾವನವರು ಹೋದಮೇಲೆ ಆ ಮನೆ ಯಾರಿಗೂ ಬೇಡವಾಯಿತು. ಇದನ್ನು ಮುಚ್ಚಿಡುವುದು ಏಕೆ? ಮಳೆಗಾಲದಲ್ಲಿ ನಾಲ್ಕು ಕಡೆ ಪಾತ್ರೆ ಇಡಬೇಕು. ಬಚ್ಚಲು ಆಚೆ. ಹೆಂಚು ಹೊದಿಸಲು ಆಳು ಸಿಕ್ಕರೆ ಪುಣ್ಯ. ಮೂವರು ಗಂಡುಮಕ್ಕಳು, ಒಬ್ಬ ನಾದಿನಿ. ಕೊನೆಯ ಮೈದುನ ಅಮೆರಿಕದಲ್ಲಿ. ಎಲ್ಲರೂ ಕೂತು ಮಾತಾಡಿ, ಕಟ್ಟಡದವರಿಗೆ ಜಾಗ ಕೊಟ್ಟು ಫ್ಲಾಟು ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು. ಅದು 2018. ಅತ್ತೆಯವರು ಒಂದು ಮಾತೂ ಆಡದೆ ಸಹಿ ಹಾಕಿದರು. ಆ ರಾತ್ರಿ ಮಾತ್ರ ಊಟ ಬೇಡ ಅಂದರು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಮನೆ ಕೆಡವುವವನಿಗೆ ನಾವೇ ಕೂಲಿ ಕೊಡಬೇಕೆಂದು ನಾನು ತಿಳಿದಿದ್ದೆ. ಹಾಗಲ್ಲ. ಹಳೇ ಮನೆಯಲ್ಲಿ ಒಳ್ಳೇ ಮರ ಇದ್ದರೆ ಅವನೇ ನಮಗೆ ದುಡ್ಡು ಕೊಟ್ಟು, ಬಾಗಿಲು, ತೊಲೆ, ಹೆಂಚು, ಕಬ್ಬಿಣವೆಲ್ಲ ಹೊತ್ತುಕೊಂಡು ಹೋಗುತ್ತಾನೆ. ಅವನು ಹೇಳಿದ ರೇಟು ಕೇಳಿ ನಮ್ಮವರು ಸುಮ್ಮನಾದರು, ನನಗೆ ಮಾತ್ರ ಸಂಕಟವಾಯಿತು. ಅದೇ ವಾರ ನಮ್ಮಣ್ಣ ಹಾರೋಹಳ್ಳಿಯ ಆಚೆ ತೋಟದಲ್ಲಿ ಹೊಸ ಕೊಟ್ಟಿಗೆಗೆ ಶೀಟು ಹಾಕಿಸಬೇಕೆಂದು ಲೆಕ್ಕ ಮಾಡುತ್ತಿದ್ದ. ‘ಶೀಟು ಯಾಕೋ, ನಮ್ಮನೆ ಹೆಂಚೇ ಇದೆಯಲ್ಲ’ ಅಂದುಬಿಟ್ಟೆ.

ಅಂದಮೇಲೆ ಶುರುವಾಯಿತು ನೋಡಿ. ‘ಗಂಡನ ಮನೆ ತೊಲೆ ತವರಿಗೆ ಸಾಗಿಸ್ತಿದಾಳೆ’ ಎಂಬ ಮಾತು ನನ್ನ ಓರಗಿತ್ತಿಯ ಬಾಯಿಂದ ಬಂದು ಮೂರು ಮನೆ ಸುತ್ತಿ ನನ್ನ ಕಿವಿಗೆ ಬಿತ್ತು. ಬೇಸರವಾಗಿ ಬೇಡವೇ ಬೇಡ ಅಂದುಕೊಂಡೆ. ಭಾವನವರು ಬೇರೆ, ‘ನಾವು ಹುಟ್ಟಿ ಬೆಳೆದ ಮನೆ ಕಣಮ್ಮ, ದನ ಕಟ್ಟೋಕಾ?’ ಎಂದು ನೊಂದುಕೊಂಡರು. ಆಗ ಬಾಯಿಬಿಟ್ಟವರು ಅತ್ತೆ. ‘ಯಾರೋ ಗೊತ್ತಿಲ್ಲದೋರು ಒಯ್ದು ಸೌದೆ ಮಾಡಿದ್ರೆ ಆಗಬಹುದು, ಹಸು ನೆರಳಲ್ಲಿ ನಿಂತರೆ ಆಗಲ್ವೇ? ಈ ಮನೇಲೂ ಹಸು ಇತ್ತು, ಮರೆತುಬಿಟ್ರಾ?’ ಅಂದರು. ಅಲ್ಲಿಗೆ ಮುಗಿಯಿತು. ಕೆಡವುವವನು ಹೇಳಿದ ರೇಟನ್ನೇ ಅಣ್ಣ ಕೊಡುವುದು, ಅದನ್ನು ನಾಲ್ಕು ಪಾಲು ಮಾಡುವುದು ಎಂದು ನಮ್ಮವರು ಕಾಗದದ ಮೇಲೆ ಬರೆದರು. ಲೆಕ್ಕ ಚೊಕ್ಕವಾದ ಮೇಲೆ ಓರಗಿತ್ತಿಯೂ ನಕ್ಕಳು.

ಬಿಚ್ಚುವ ಕೆಲಸ ಹನ್ನೊಂದು ದಿನ ಹಿಡಿಯಿತು. ಹೆಂಚು ಸುಮಾರು 2,200 ಇಳಿಯಿತು, ಅದರಲ್ಲಿ 400 ಒಡಕು. ಹೆಂಚಿನ ಬೆನ್ನಮೇಲೆ ಮಂಗಳೂರಿನ ಕಾರ್ಖಾನೆಯ ಮುದ್ರೆ ಹಾಗೇ ಇತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಸುಬು ನಮ್ಮ ಬಸವನಗುಡಿಯ ತಲೆಯ ಮೇಲೂ ಕೂತಿತ್ತಲ್ಲ ಎಂದು ಆಶ್ಚರ್ಯವಾಯಿತು. ಗಾರೆಯ ಗೋಡೆಯ ಇಟ್ಟಿಗೆ ಸುತ್ತಿಗೆಯಲ್ಲಿ ತಟ್ಟಿದರೆ ಇಡಿಯಾಗಿ ಬಿಡಿಸಿಕೊಳ್ಳುತ್ತದೆ. ಮಧ್ಯೆ ಯಾವಾಗಲೋ ಸಿಮೆಂಟು ಹಾಕಿ ಕಟ್ಟಿದ್ದ ಬಚ್ಚಲಿನ ಗೋಡೆ ಮಾತ್ರ ಪುಡಿಪುಡಿ. ನಾವಿಲ್ಲದ ಹೊತ್ತಿನಲ್ಲಿ ಎರಡು ಕಿಟಕಿ ಕಾಣೆಯಾದವು. ಯಾರನ್ನು ಕೇಳಿದರೂ ‘ನಂಗೊತ್ತಿಲ್ಲಮ್ಮ’.

ಈಗ ಆ ಕೊಟ್ಟಿಗೆಯ ವಿವರ ಹೇಳುತ್ತೇನೆ, ತೋಟ ಇರುವ ಸೋದರಿಯರಿಗೆ ಉಪಯೋಗಕ್ಕೆ ಬಂದೀತು. 40 ಅಡಿ ಉದ್ದ, 20 ಅಡಿ ಅಗಲ. 10 ಅಡಿ ಚೌಕಕ್ಕೆ ಸುಮಾರು 140 ಹೆಂಚು ಬೇಕು. ಇಳಿಜಾರು, ಸೂರು ಸೇರಿ 1,400 ಹಿಡಿಯಿತು. ಮಿಕ್ಕಿದ್ದನ್ನು ಒಡೆದಾಗ ಬದಲಿಸಲೆಂದು ಗೋಡೆಗೆ ಆನಿಸಿ ಇಟ್ಟಿದ್ದಾರೆ. ಶೀಟಿಗಿಂತ ಹೆಂಚಿನ ಕೆಳಗೆ ಬೇಸಿಗೆಯಲ್ಲಿ ತಂಪು, ಮಳೆಯಲ್ಲಿ ಸದ್ದಿಲ್ಲ. ಒಂದು ಹಸುವಿಗೆ ನಿಲ್ಲಲು ಐದೂವರೆ ಅಡಿ ಉದ್ದ, ನಾಲ್ಕಡಿ ಅಗಲದ ಜಾಗ. ನೀರು, ಗಂಜಲ ಹರಿಯಲು 40 ಅಡಿಗೆ ಒಂದಡಿಯ ಲೆಕ್ಕದಲ್ಲಿ ಇಳಿಜಾರು. ಹಾಲಿನ ಕೆಂಪು ನೆಲದಂಥದನ್ನೇ ಇಲ್ಲೂ ಹಾಕಿಸೋಣವೇ ಎಂದು ನಾನು ಕೇಳಿ ನಗೆಪಾಟಲಾದೆ. ನುಣುಪು ನೆಲದಲ್ಲಿ ಹಸು ಜಾರಿ ಕಾಲು ಮುರಿದುಕೊಳ್ಳುತ್ತದೆ. ಅದಕ್ಕೇ ಒರಟು ಚಪ್ಪಡಿ ಕಲ್ಲು ಹಾಸಿದ್ದಾರೆ.

ನಮ್ಮ ತಲೆಬಾಗಿಲು ಹಿಂಡಿ-ಬೂಸಾ ಇಡುವ ಕೋಣೆಗೆ ಹೋಯಿತು, ಹೊಸಿಲಿನ ಸಮೇತ. ಜಗಲಿಯ ಕಂಬಗಳು ಕೊಟ್ಟಿಗೆಯ ಮುಂಭಾಗಕ್ಕೆ. ಮಂಕಿ ಟಾಪ್ ಏನು ಮಾಡುವುದು? ‘ಶೋಕಿ’ ಅಂದ ಅಣ್ಣ. ಬಡಗಿ ಒಪ್ಪಲಿಲ್ಲ. ‘ಗಾಳಿ ಬಿಟ್ಟು ಮಳೆ ತಡೆಯೋಕೇ ಅಲ್ವಾ ಸ್ವಾಮಿ ಇದನ್ನ ಮಾಡಿರೋದು?’ ಎಂದು ಕೊಟ್ಟಿಗೆಯ ಕಿಟಕಿಗಳ ಮೇಲೆ ಕೂರಿಸಿಬಿಟ್ಟ. ಇಡೀ ಹೋಬಳಿಯಲ್ಲಿ ಇಂಥ ಟೋಪಿ ಹಾಕಿಕೊಂಡ ಕೊಟ್ಟಿಗೆ ಅದೊಂದೇ ಇರಬೇಕು!

ನಿಮ್ಮ ಹಳೇ ಮನೆಯನ್ನೂ ಕೆಡವುವ ಪ್ರಸಂಗ ಬಂದರೆ ಇಷ್ಟನ್ನು ನೆನಪಿಡಿ. ಯಾವ ಸಾಮಾನು ನಿಮಗೆ ಬೇಕೆಂಬುದನ್ನು ಕರಾರಿಗೆ ಸಹಿ ಹಾಕುವ ಮುಂಚೆಯೇ ಬರೆಸಿ. ಬಾಗಿಲು, ಚೌಕಟ್ಟುಗಳಿಗೆ ಬಣ್ಣದಲ್ಲಿ ನಂಬರು ಹಾಕಿಸಿ, ಸೀಮೆಸುಣ್ಣ ಅಳಿಸಿಹೋಗುತ್ತದೆ. ತೊಲೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಗೆದ್ದಲು ಹಿಡಿದಿದೆ ಎಂದರ್ಥ, ಅದನ್ನು ಬಿಟ್ಟುಬಿಡಿ. ಒಯ್ದ ಮರವನ್ನು ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಜೋಡಿಸಿ. ಮನೆಯವರೊಬ್ಬರು ದಿನವೂ ಅಲ್ಲೇ ನಿಂತಿರಿ, ಇಲ್ಲದಿದ್ದರೆ ನಮ್ಮ ಕಿಟಕಿಗಳ ಗತಿಯೇ.

ಬಿಚ್ಚಿ ಬೇರೆ ಕಡೆ ಕಟ್ಟಿದ ಮನೆಗಳನ್ನು ನೋಡಬೇಕೆಂದರೆ ಮಣಿಪಾಲಕ್ಕೆ ಹೋಗಿ. ವಿಜಯನಾಥ ಶೆಣೈಯವರು ಬೇರೆ ಬೇರೆ ಊರುಗಳಲ್ಲಿ ಬೇಡವಾದ ಮನೆಗಳನ್ನು ತಂದು ಹಸ್ತಶಿಲ್ಪದ ಪರಂಪರೆಯ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಚೆನ್ನೈ ಹತ್ತಿರ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ಅವೆಲ್ಲ ದೊಡ್ಡವರ ಕೆಲಸ. ನಮ್ಮದು ಬರೀ ಕೊಟ್ಟಿಗೆ.

ಹೋದ ವರ್ಷ ಅತ್ತೆಯವರನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೊ ಹತ್ತಿ ಕನಕಪುರ ರಸ್ತೆಯ ಸಿಲ್ಕ್ ಇನ್ಸ್‌ಟಿಟ್ಯೂಟಿನಲ್ಲಿ ಇಳಿದರೆ ಅಲ್ಲಿಂದ ಅಣ್ಣನ ಗಾಡಿ. ಅವರಿಗೀಗ 82. ದಾರಿಯುದ್ದಕ್ಕೂ ಮಾತಿಲ್ಲ. ನನಗೋ ಒಳಗೊಳಗೇ ಭಯ, ನೋಡಿ ಅತ್ತುಬಿಟ್ಟರೆ?

ಇಳಿದವರೇ ನೆಟ್ಟಗೆ ಹಿಂಡಿ ಕೋಣೆಗೆ ಹೋಗಿ, ಹೊಸಿಲಿನ ಮುಂದೆ ಕುಕ್ಕರಿಸಿ ಕೂತು, ಸೆರಗಿನಿಂದ ಧೂಳು ಒರೆಸಿ, ಚೀಲದಿಂದ ಅರಿಸಿನ ಕುಂಕುಮ ತೆಗೆದು ಹಚ್ಚಿದರು. ಮನೆಯಿಂದ ಹೊರಡುವಾಗಲೇ ಇಟ್ಟುಕೊಂಡಿದ್ದರು, ನಮಗ್ಯಾರಿಗೂ ಹೇಳಿರಲಿಲ್ಲ. ಆಮೇಲೆ ಎದ್ದು ಜಗಲಿಯ ಕಂಬದ ಹತ್ತಿರ ನಿಂತರು. ಅಲ್ಲೊಂದು ಕರು ಕಟ್ಟಿತ್ತು. ಕಂಬಕ್ಕೆ ಬೆನ್ನು ಉಜ್ಜುತ್ತಿತ್ತು.

‘ನಿಮ್ಮ ಮಾವನೂ ಇದಕ್ಕೇ ಒರಗಿಕೊಂಡು ಪೇಪರ್ ಓದ್ತಿದ್ದಿದ್ದು ಕಣೇ’ ಅಂದರು. ‘ಬೆನ್ನು ಉಜ್ಜಿ ಉಜ್ಜಿ ಎಣ್ಣೆಜಿಡ್ಡು ಮಾಡಿದ್ರು. ಕಂಬಕ್ಕೇನೂ ಹೊಸದಲ್ಲ ಬಿಡು.’

ನಾವೆಲ್ಲ ನಕ್ಕೆವು. ಭಾವನವರು ಕಣ್ಣೊರೆಸಿಕೊಂಡರು. ಸಾಯಂಕಾಲ ಹಾಲು ಕರೆಯುವ ಹೊತ್ತಿಗೆ ಅತ್ತೆ ತಾವೇ ಸ್ಟೂಲು ಎಳೆದುಕೊಂಡು ಕೂತರು. ಬೆರಳಲ್ಲಿ ಶಕ್ತಿಯಿಲ್ಲ, ಬಂದದ್ದು ಅರ್ಧ ಲೋಟ. ಅದರಲ್ಲೇ ಕಾಫಿ ಮಾಡಿ ಎಲ್ಲರೂ ಒಂದೊಂದು ಗುಟುಕು ಕುಡಿದೆವು.

ಬಸವನಗುಡಿಯಲ್ಲಿ ನಮ್ಮ ಜಾಗದಲ್ಲಿ ಈಗ ಫ್ಲಾಟಿದೆ, ಎರಡನೆಯ ಅಂತಸ್ತಿನಲ್ಲಿ ನಾವಿದ್ದೇವೆ. ಮಳೆ ಬಂದರೆ ಸೋರುವುದಿಲ್ಲ, ಸುಖವಾಗಿಯೇ ಇದ್ದೇವೆ. ಆದರೂ ಜೋರು ಮಳೆಯ ರಾತ್ರಿ ಎಚ್ಚರವಾದರೆ ಅತ್ತೆಯವರು ಆ ಕೋಣೆಯಿಂದ ಕೇಳುತ್ತಾರೆ: ‘ಅಲ್ಲಿ ಹೆಂಚು ಸರಿ ಇದೆಯೇನೇ? ಬೆಳಗಾದ ಮೇಲೆ ನಿಮ್ಮಣ್ಣಂಗೆ ಒಂದು ಫೋನ್ ಮಾಡು.’