ಹಿಮ ಬೀಳದ ಚಳಿಗಾಲ

2024ರ ಜನವರಿ. ಪ್ರತಿವರ್ಷ ಸಿಂಧನೂರಿನ ನಮ್ಮ ಓಣಿಗೆ ಬರುವ ಕಾಶ್ಮೀರಿ ಶಾಲು ವ್ಯಾಪಾರಿ ಆ ಸಲವೂ ಬಂದಿದ್ದ. ಲಿಂಗಸುಗೂರು, ಮಸ್ಕಿ ಎಲ್ಲ ಸುತ್ತಿ ಬಂದರೂ ಅವನ ಗಂಟು ಕರಗಿರಲಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟು ತುಂಗಭದ್ರಾ ಜಲಾಶಯ ತುಂಬಿರಲಿಲ್ಲ. ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರಿರಲಿಲ್ಲ. ಭತ್ತದ ನಾಟಿ ನಡೆಯಬೇಕಿದ್ದ ಗದ್ದೆಗಳು ಬಿರುಕು ಬಿಟ್ಟಿದ್ದವು. ಶಾಲು ಕೊಳ್ಳುವವರು ಯಾರು?

ಚಹಾ ಕೊಟ್ಟು ಕೂರಿಸಿದೆ. ನಮ್ಮಿಬ್ಬರ ಮಾತು ಉರ್ದುವಿನಲ್ಲಿ. "ಭಾಯಿಸಾಬ್, ನಿಮಗೆ ಮಳೆ ಇಲ್ಲ, ನಮಗೆ ಹಿಮವಿಲ್ಲ" ಎಂದು ಮೊಬೈಲ್ ತೋರಿಸಿದ. ಬಿಳಿಯಾಗಿರಬೇಕಿದ್ದ ಗುಲ್ಮಾರ್ಗ್ ಒಣಹುಲ್ಲಿನ ಬಣ್ಣದಲ್ಲಿತ್ತು. ಡಿಸೆಂಬರ್ 21ರಿಂದ 40 ದಿನ ಅಲ್ಲಿ ಚಿಲ್ಲೈ ಕಲಾನ್, ಕಡುಚಳಿಯ ಕಾಲ. ಆಗ ಬಿದ್ದ ಹಿಮ ಗಟ್ಟಿಯಾಗಿ ನಿಂತು, ಬೇಸಿಗೆಯಲ್ಲಿ ತೊರೆಗಳಿಗೆ ನೀರಾಗುತ್ತದೆ. ತಡವಾಗಿ ಬಿದ್ದದ್ದು ಬೇಗ ಕರಗಿಹೋಗುತ್ತದೆ.

ಅವನ ತಮ್ಮ ಸ್ಕೀಯಿಂಗ್ ಗೈಡ್. ರೋಪ್‌ವೇಯಲ್ಲಿ ಅಫರ್ವತ್ ಶಿಖರದ ಹತ್ತಿರ, ಸುಮಾರು 4,000 ಮೀಟರ್ ಎತ್ತರಕ್ಕೆ ಹೋಗಿ, ಕಾಲಿಗೆ ಉದ್ದನೆಯ ಸ್ಕೀ ಪಟ್ಟಿ ಕಟ್ಟಿಕೊಂಡು, ಯಾರೂ ತುಳಿಯದ ಇಳಿಜಾರುಗಳಲ್ಲಿ ಗಿರಾಕಿಗಳನ್ನು ಇಳಿಸಿಕೊಂಡು ಬರುವುದು ಅವನ ಕೆಲಸ.

"ಹಿಮ ಕಡಿಮೆಯಾದರೆ ಅಪಾಯವೂ ಕಡಿಮೆಯಲ್ಲವೇ?" ಎಂದೆ.

"ಇಲ್ಲ, ಹೆಚ್ಚು" ಎಂದ. ಮೊದಲು ಬಿದ್ದ ತೆಳು ಪದರ ಬಹಳ ದಿನ ಚಳಿಯಲ್ಲಿ ಹಾಗೇ ಉಳಿದರೆ ಸಕ್ಕರೆ ಹರಳಿನಂತೆ ಬಿಡಿಬಿಡಿಯಾಗುತ್ತದೆ. ಒಂದಕ್ಕೊಂದು ಅಂಟುವುದಿಲ್ಲ. ಆಮೇಲೆ ಅದರ ಮೇಲೆ ಒಮ್ಮೆಲೇ ಭಾರಿ ಹಿಮ ಬಿದ್ದರೆ, ಜೋಳ ಹರಡಿ ಮೇಲೆ ಬಂಡೆ ಇಟ್ಟ ಹಾಗೆ. ಒಬ್ಬ ಮನುಷ್ಯನ ಭಾರ ಸಾಕು, ಇಡೀ ಇಳಿಜಾರೇ ಜಾರಿ ಬರಬಹುದು. "ನೋಡಲಿಕ್ಕೆ ಮಾತ್ರ ಬಹಳ ಚೆಂದ ಇರ್ತದೆ" ಎಂದ.

ನನಗೆ ಮಸ್ಕಿಯ ಮಾಮು ನೆನಪಾದರು. ಎರಿ ನೆಲ ಹದವಾಗದೆ ಬಿತ್ತಬಾರದು ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವರು, ಒಂದು ಬರಗಾಲದ ನಂತರ ಮೊದಲ ಮಳೆಗೇ ಸಾಲದ ಬೀಜ ತಂದು ಸಜ್ಜೆ ಬಿತ್ತಿದ್ದರು. ಮತ್ತೆ ಮಳೆ ಬರಲಿಲ್ಲ, ಮೊಳಕೆ ಸುಟ್ಟುಹೋಯಿತು. "ಗೊತ್ತಿತ್ತು ಬೇಟಾ, ಆದರೆ ಕಾಯೋದಕ್ಕೆ ಮನೇಲಿ ಏನಿತ್ತು?" ಎಂದಿದ್ದರು.

ಫೆಬ್ರುವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಹಿಮ ಬಿತ್ತು. ತಿಂಗಳ ಆರಂಭದಲ್ಲಿ ನಡೆಯಬೇಕಿದ್ದು ಮುಂದೂಡಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು 21ರಂದು ಆರಂಭವಾದವು. ಮರುದಿನವೇ ಅಲ್ಲಿನ ಇಳಿಜಾರಿನಲ್ಲಿ ಹಿಮಕುಸಿತವಾಗಿ ರಷ್ಯಾದ ಒಬ್ಬ ಸ್ಕೀಯರ್ ಸತ್ತರು; ಜೊತೆಗಿದ್ದವರನ್ನು ರಕ್ಷಿಸಿದರು.

ಸುದ್ದಿ ಕೇಳಿ ಗಾಬರಿಯಿಂದ ವ್ಯಾಪಾರಿಗೆ ಫೋನ್ ಮಾಡಿದೆ. ತಮ್ಮ ಆ ದಿನ ಮೇಲೆ ಹೋಗಿರಲಿಲ್ಲ. "ಅಪಾಯ ತಿಳಿದು ಬೇಡ ಅಂದನೇ?" ಎಂದು ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. "ಇಲ್ಲ ಭಾಯಿಸಾಬ್. ಯಾರೂ ಕರೆದಿರಲಿಲ್ಲ. ಕರೆದಿದ್ದರೆ ಹೋಗುತ್ತಿದ್ದ. ಜನವರಿ ಪೂರ್ತಿ ಗಳಿಕೆ ಇರಲಿಲ್ಲವಲ್ಲ."

ದುರಂತವಾದಾಗ 'ಆತುರಪಟ್ಟರು' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಶಿಖರದ ಮೇಲಾಗಲಿ, ಎರಿ ಹೊಲದಲ್ಲಾಗಲಿ, ಹದಕ್ಕಾಗಿ ಕಾಯಬೇಕು ಎಂಬುದು ಅವರಿಗೂ ಗೊತ್ತು. ಕಾಯುವಷ್ಟು ದಿನದ ರೊಟ್ಟಿ ಮನೆಯಲ್ಲಿ ಇತ್ತೇ ಎಂದು ಮಾತ್ರ ನಾವು ಕೇಳುವುದಿಲ್ಲ.