ಕಾಯುವ ಬೀಜ, ಕಾಯಲಾರದ ಬೀಜ

ಶೃಂಗೇರಿ ಬಳಿಯ ಮೆಣಸೆಯಲ್ಲಿ ಸಂಸ್ಕೃತ ವಿದ್ಯಾಪೀಠದ ಕಟ್ಟಡ ಏಳುವ ಮೊದಲಿನ ಮಾತು. ಆಗ ನಮ್ಮ ಮನೆಯಲ್ಲಿ ಬೀಜವೆಂದರೆ ಇಡಬಹುದಾದದ್ದು, ಇಟ್ಟರೆ ಸಾಯುವುದು, ಅಷ್ಟೆ. ಭತ್ತ ಕೊಯ್ದ ಹೊಸದರಲ್ಲಿ ಕೆಲವು ವಾರ ಮಲಗುತ್ತದೆ. ಒಣಗಿಸಿ ಹುಲ್ಲಿನ ಮುಡಿ ಕಟ್ಟಿಟ್ಟರೆ ಮುಂಗಾರಿನ ಹೊತ್ತಿಗೆ ಎಚ್ಚರವಾಗಿರುತ್ತದೆ. ಹಲಸಿನ ಬೀಜವೋ ಬೀಜದಡಿಕೆಯೋ ಒಣಗಿದರೆ ಮುಗಿಯಿತು. ಬೀಜದಡಿಕೆಯನ್ನು ತಡಮಾಡದೆ, ತೊಟ್ಟು ಮೇಲಾಗಿ ಮರಳಿನಲ್ಲಿ ಹೂಳಬೇಕು. ಒಂದೂವರೆ ತಿಂಗಳಿಗೆ ಮೊಳಕೆ ಕಾಣುತ್ತದೆ, ಮೂರು ತಿಂಗಳಿಗೆ ಅದರ ಹಣೆಬರಹ ಗೊತ್ತಾಗುತ್ತದೆ.

ಭತ್ತದ ಅಗೆ ಹಾಕುವ ದಿನವನ್ನು ಅಜ್ಜಯ್ಯ ಮಳೆನಕ್ಷತ್ರ ನೋಡಿ ಹೇಳುತ್ತಿದ್ದರು. ರೋಹಿಣಿ ಕೈಕೊಟ್ಟರೆ ಮೃಗಶಿರ. ಇದನ್ನು ಪಂಚಾಂಗದ ಮಹಿಮೆ ಎಂದು ನಾನು ಹೊಗಳಲಾರೆ. ಬೀಜ ನೆನೆಹಾಕಿ, ನೀರು ಬಸಿದು, ಗೋಣಿಯಲ್ಲಿ ಕಟ್ಟಿ ಭಾರ ಹೇರಿ, ಮೂತಿ ಒಡೆದ ಮೇಲಷ್ಟೇ ಮಡಿಗೆ ಚೆಲ್ಲುತ್ತಿದ್ದರು. ಮೊಳೆಯುವ ಮಾತು ಗೋಣಿಯಲ್ಲೇ ಇತ್ಯರ್ಥವಾದ ಮೇಲೆ ಮಣ್ಣಿಗೇನು ಕೆಲಸ? ಗದ್ದೆಯ ಕಾಡುಭತ್ತದ ಮುಂದೆ ಮಾತ್ರ ಅವರ ನಕ್ಷತ್ರ ನಡೆಯುತ್ತಿರಲಿಲ್ಲ. ಅದರ ಕಾಳು ಕೊಯ್ಲಿಗೆ ಮೊದಲೇ ಉದುರಿ ಕೆಸರು ಸೇರುತ್ತಿತ್ತು. ಕೆಲವು ಮರುವರ್ಷ ಏಳುತ್ತಿದ್ದವು, ಕೆಲವು ಇನ್ಯಾವಾಗಲೋ. "ಕಿತ್ತಷ್ಟೂ ಬರುತ್ತೆ ಮಾರಾಯ" ಎನ್ನುವುದೇ ಅಜ್ಜಯ್ಯನ ಮುನ್ಸೂಚನೆ.

ಆ ಹತಾಶೆಗೆ ಆಧಾರವಿತ್ತು. ಅಮೆರಿಕದ ಮಿಚಿಗನ್‌ನಲ್ಲಿ ಸಸ್ಯವಿಜ್ಞಾನಿ ವಿಲಿಯಂ ಬೀಲ್ 1879ರಲ್ಲಿ 20 ಬಾಟಲಿಗಳಲ್ಲಿ ಬೀಜ ತುಂಬಿ ಹೂತಿಟ್ಟಿದ್ದರು. 2021ರಲ್ಲಿ ತೆಗೆದ ಬಾಟಲಿಯಲ್ಲೂ ಕೆಲವು ಮೊಳೆತವು, 142 ವರ್ಷದ ಮೇಲೆ! ಮಣ್ಣಿನಡಿಯ ಕಳೆಬೀಜ ತೇವ, ಶಾಖ, ಬೆಳಕು ಎಲ್ಲವನ್ನೂ ಅಳೆಯುತ್ತದೆ. ಉಳುವಾಗ ಕ್ಷಣಕಾಲ ತಾಗಿದ ಬೆಳಕೇ ಕೆಲವಕ್ಕೆ ಸಾಕು. ಅದೇ ಬೆಳಕು ಎಲೆಗಳಲ್ಲಿ ಸೋಸಿ ಬಂದರೆ, ಮೇಲೆ ಜಾಗವಿಲ್ಲವೆಂದು ಸುಮ್ಮನಿರುತ್ತವೆ. ಈಗ ವಿಜ್ಞಾನಿಗಳು ದಿನದಿನದ ಶಾಖವನ್ನೂ ಮಣ್ಣಿನ ತೇವವನ್ನೂ ಕೂಡಿಸಿ, ಯಾವ ಕಳೆ ಯಾವಾಗ ತಲೆಯೆತ್ತೀತೆಂದು ಲೆಕ್ಕ ಕಟ್ಟುತ್ತಾರೆ.

ನಮ್ಮ ಗದ್ದೆ ಆ ಲೆಕ್ಕಕ್ಕೆ ಸಿಗುವ ಮೊದಲೇ ಅಡಿಕೆ ತೋಟವಾಯಿತು. ನೇಗಿಲಿಲ್ಲ, ನಿಂತ ನೀರಿಲ್ಲ. ಕಾಡುಭತ್ತ ಕಾಣದೆ ಎಷ್ಟೋ ಕಾಲವಾಯಿತು. ಹಳದಿ ಎಲೆ ರೋಗಕ್ಕೆ ಮರ ಹೋದಲ್ಲಿ ನರ್ಸರಿಯಿಂದ ಚೀಲದ ಸಸಿ ತಂದು ನೆಡುತ್ತೇವೆ. ಬೀಜದಡಿಕೆ ಹೂಳಲು ಮನೆಯಲ್ಲಿ ಯಾರಿಗೂ ಪುರಸೊತ್ತಿಲ್ಲ.

ಬದಲಾವಣೆ ದೊಡ್ಡದಾಗಿ ಕಾಣುವುದು ಗುಡ್ಡದಲ್ಲಿ. ಹೆಬ್ಬಲಸು, ಧೂಪದಂಥ ನಮ್ಮ ಕಾಡಿನ ಮರಗಳ ಬೀಜಕ್ಕೆ ನಿದ್ದೆಯೇ ಇಲ್ಲ. ಹಸಿ ನೆಲಕ್ಕೆ ಬಿದ್ದೊಡನೆ ಮೊಳೆಯಬೇಕು, ಇಲ್ಲವೇ ಸಾಯಬೇಕು. ಮಳೆ ನಂಬಿಕೆಗೆ ಅರ್ಹವಾಗಿದ್ದಾಗ ಅದು ಜಾಣತನ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೆಟ್ಟ ಅಕೇಶಿಯದ ಬೀಜಕ್ಕೆ ಗಟ್ಟಿ ಸಿಪ್ಪೆ. ನರ್ಸರಿಯಲ್ಲಿ ಬಿಸಿನೀರು ಸುರಿದು ಎಬ್ಬಿಸಬೇಕಾದದ್ದನ್ನು ಗುಡ್ಡದಲ್ಲಿ ಬೇಸಿಗೆಯ ಬೆಂಕಿ ಪುಕ್ಕಟೆ ಮಾಡಿಕೊಡುತ್ತದೆ. ಮುಂಗಾರು ಬಂದಂತೆ ಮಾಡಿ ಎರಡು ವಾರ ಮಾಯವಾದರೆ ಹೆಬ್ಬಲಸಿನ ಎಳೆ ಮೊಳಕೆ ಬಾಡುತ್ತದೆ. ಅಕೇಶಿಯದ ಉಳಿದ ಬೀಜ ಮಣ್ಣಿನಲ್ಲೇ ಮುಂದಿನ ಮಳೆಗೆ ಕಾಯುತ್ತದೆ. ಹೆಬ್ಬಲಸು ಬೇಕೆನ್ನುವವರು ಹಣ್ಣು ಬಿದ್ದ ವಾರದಲ್ಲೇ ಬೀಜ ಊರಿ, ಮಳೆ ತಪ್ಪಿದ ದಿನ ಕೊಡ ಹೊತ್ತು ನೀರು ಹಾಕಬೇಕು.